ಕೊರಿಯರ್‌ನಲ್ಲಿ ಬರುವ ಅಣಬೆ, ಆಸ್ಪತ್ರೆಗೆ ಬರದ ಔಷಧಿ: ಆರೋಗ್ಯ ಸಚಿವರಿಗೆ ಮತ್ತು ಐಸಿಎಂಆರ್‌ಗೆ ಒಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,
ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾನ್ಯ ಮಹಾನಿರ್ದೇಶಕರಿಗೆ,

ವಿಷಯ: ಈಟಿಂಗ್ ಡಿಸಾರ್ಡರ್ (ಊಟದ ಕಾಯಿಲೆ) ಇರುವವರಿಗೆ ಸೈಕೆಡೆಲಿಕ್ (ಮನಸ್ಸಿನ ಗ್ರಹಿಕೆಯನ್ನೇ ಕೆಲವು ಗಂಟೆ ಬದಲಿಸುವ ಔಷಧಿ) ನೆರವಿನ ಚಿಕಿತ್ಸೆ ಕೆಲಸ ಮಾಡುತ್ತದೆಯೇ ಎಂದು ನಮ್ಮ ದೇಶದಲ್ಲೇ ಅಧಿಕೃತವಾಗಿ ಪರೀಕ್ಷಿಸಬೇಕೆಂಬ ಮನವಿ

ಸನ್ಮಾನ್ಯರೇ, ನಮಸ್ಕಾರ.

ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಡಯಟೀಶಿಯನ್. ಡಾಕ್ಟರ್ ಅಲ್ಲ, ವಿಜ್ಞಾನಿಯೂ ಅಲ್ಲ. ವಾರ್ಡಿನಲ್ಲಿ ತೂಕ ನೋಡುವುದು, ತಟ್ಟೆಯಲ್ಲಿ ಎಷ್ಟು ಉಳಿದಿದೆ ಅಂತ ಬರೆದಿಡುವುದು, ಮನೆಯವರಿಗೆ ಊಟದ ಚಾರ್ಟ್ ಮಾಡಿಕೊಡುವುದು, ಇದು ನನ್ನ ಕೆಲಸ. ನನ್ನ ಹತ್ತಿರ ಬರುವವರಲ್ಲಿ ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರೇ ಜಾಸ್ತಿ. ಅವರ ನಡುವೆ ಆಗಾಗ ಒಬ್ಬ ಹುಡುಗಿ ಬರುತ್ತಾಳೆ, ಕೆಲವು ಸಲ ಹುಡುಗ. ಮನೆಯಲ್ಲಿ ಊಟ ಇದೆ, ತಿನ್ನಿಸುವವರಿದ್ದಾರೆ, ತಿನ್ನಲು ಆಗುತ್ತಿಲ್ಲ. ಈ ಪತ್ರ ಅವರ ಬಗ್ಗೆ.

ದಿಲ್ಲಿಗೆ ಬರೆಯುವ ಪತ್ರ ಕನ್ನಡದಲ್ಲಿ ಯಾಕೆ ಎಂದು ನೀವು ಕೇಳಬಹುದು. ನಿಮ್ಮ ಕಚೇರಿಗಳಲ್ಲಿ ಅನುವಾದ ಮಾಡುವವರು ಇರುತ್ತಾರೆ. ಇಲ್ಲಿನ ಅಮ್ಮಂದಿರಿಗೆ ಆ ಅನುಕೂಲ ಇಲ್ಲ. ಅವರೂ ಇದನ್ನು ಓದಬೇಕು.

ತೂಕ ಅಪಾಯದ ಮಟ್ಟಕ್ಕೆ ಇಳಿದರೂ ತಿನ್ನಲಾಗದ ಈ ಕಾಯಿಲೆಗೆ ಅನೊರೆಕ್ಸಿಯಾ ಎಂದು ಹೆಸರು. ಅನೊರೆಕ್ಸಿಯಾ ಅಂದರೆ ಝೀರೋ ಸೈಜ್ ಹುಚ್ಚು, ದುಡ್ಡಿರುವವರ ಮಕ್ಕಳಿಗೆ ಬರುವ ಕಾಯಿಲೆ ಅಂತ ಇನ್ನೂ ಎಷ್ಟೋ ಜನ ನಂಬಿದ್ದಾರೆ. ಅವರಲ್ಲಿ ಡಾಕ್ಟರುಗಳೂ ಇದ್ದಾರೆ. ನಾನು ನೋಡಿದ್ದು ಬೇರೆ. ಹಾಸನ, ಚಿತ್ರದುರ್ಗ, ಶಿರಸಿ ಕಡೆಯಿಂದ ಬಂದು ಪಿಜಿಯಲ್ಲಿದ್ದುಕೊಂಡು ಓದುವ ಮಕ್ಕಳು. ಮೊದಲು ಮುಟ್ಟು ನಿಲ್ಲುತ್ತದೆ, ಹೆರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಹೊಟ್ಟೆ ಉಬ್ಬರ ಅಂತಾಳೆ, ಮನೆಯಲ್ಲಿ ಗ್ಯಾಸ್ಟ್ರಿಕ್ ಅಂತಾರೆ, ಎಂಡೋಸ್ಕೋಪಿ ಆಗುತ್ತದೆ. ರಿಪೋರ್ಟ್ ನಾರ್ಮಲ್. ಹಸಿವಾಗಲಿ ಅಂತ ಟಾನಿಕ್ ಬರೆದುಕೊಡುತ್ತಾರೆ. ಅಷ್ಟರಲ್ಲಿ ಅವಳು ಸೋಮವಾರ ಒಪ್ಪತ್ತು, ಶನಿವಾರ ಒಪ್ಪತ್ತು, ಸಂಕಷ್ಟಿ, ಏಕಾದಶಿ ಎಲ್ಲ ಶುರು ಮಾಡಿರುತ್ತಾಳೆ. ಈ ಕಾಲದಲ್ಲೂ ಎಂಥ ಭಕ್ತಿ ಅಂತ ಅಜ್ಜಿಗೆ ಖುಷಿ. ಒಬ್ಬರು ದೃಷ್ಟಿ ತೆಗೆಯುತ್ತಾರೆ. ಇನ್ನೊಬ್ಬರು, ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತೆ ಅಂತಾರೆ. ಮನೋವೈದ್ಯರ ಬಾಗಿಲಿಗೆ ಬರುವ ಹೊತ್ತಿಗೆ ಎಷ್ಟೋ ಸಲ ವರ್ಷಗಳೇ ಕಳೆದಿರುತ್ತವೆ. ನಾಡಿ ನಿಮಿಷಕ್ಕೆ ನಲವತ್ತರ ಆಸುಪಾಸು, ಪೊಟ್ಯಾಶಿಯಂ ಕಡಿಮೆ, ಬೆನ್ನಿನ ಮೇಲೆ ಎಳೆಗೂಸಿನ ಮೈಮೇಲಿರುವಂಥ ನವಿರು ಕೂದಲು.

ಆಮೇಲೆ ವಿಮೆಯ ರಗಳೆ. ಇದು ಡಯಟಿಂಗ್‌ನಿಂದ ತಾನೇ ತಂದುಕೊಂಡ ತೊಂದರೆ ಎಂದು ವಿಮಾ ಕಂಪನಿಯೊಂದು ಕ್ಲೇಮ್ ತಳ್ಳಿಹಾಕಿದ ಪತ್ರವನ್ನು ನಾನೇ ಓದಿದ್ದೇನೆ. ಮೈಯ ಕಾಯಿಲೆಗೆ ಹೇಗೋ ಹಾಗೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳಿದೆ. ಕ್ಲೇಮ್ ಡೆಸ್ಕಿನವರೆಗೆ ಆ ಮಾತು ಇನ್ನೂ ತಲುಪಿದ ಹಾಗೆ ಕಾಣಲಿಲ್ಲ.

ಕಾಯಿಲೆ ಎಷ್ಟು ದೊಡ್ಡದು ಎಂಬುದು ನಿಮಗೆ ಗೊತ್ತಿರುತ್ತದೆ, ಆದರೂ ಹೇಳುತ್ತೇನೆ. ಮನಸ್ಸಿನ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವಂಥವುಗಳ ಸಾಲಿನಲ್ಲಿ ಅನೊರೆಕ್ಸಿಯಾ ಇದೆ. 36 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವರದಿ 2011ರಲ್ಲಿ ಬಂತು. ಅನೊರೆಕ್ಸಿಯಾ ಇರುವವರಲ್ಲಿ ಸಾವಿನ ಪ್ರಮಾಣ ಉಳಿದವರಿಗಿಂತ ಐದು ಪಟ್ಟಿಗೂ ಜಾಸ್ತಿ ಎಂದು ಅದು ಲೆಕ್ಕ ಹಾಕಿತು. ಹಾಗೆ ಸತ್ತ ಐವರಲ್ಲಿ ಒಬ್ಬರದು ಆತ್ಮಹತ್ಯೆ.

ಇಷ್ಟಾದರೂ ಔಷಧಿ ಏನಿದೆ? ತಿಂದು ವಾಂತಿ ಮಾಡುವ ಬುಲಿಮಿಯಾಗೆ ಫ್ಲುಯೊಕ್ಸೆಟಿನ್ ಇದೆ. ತಡೆಯಲಾಗದೆ ಒಂದೇ ಸಮ ತಿನ್ನುವ ಬಿಂಜ್ ಈಟಿಂಗ್‌ಗೆ ಅಮೆರಿಕದಲ್ಲಿ 2015ರಲ್ಲಿ ಒಂದು ಔಷಧಿಗೆ ಒಪ್ಪಿಗೆ ಸಿಕ್ಕಿತು. ಅನೊರೆಕ್ಸಿಯಾಗೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿದ ಮಾತ್ರೆ ಒಂದೂ ಇಲ್ಲ. ಹದಿಹರೆಯದ ಮಕ್ಕಳಿಗೆ ಈಗಿರುವುದರಲ್ಲಿ ಒಳ್ಳೆಯ ದಾರಿ ಅಂದರೆ ಲಂಡನ್ನಿನ ಮೌಡ್ಸ್‌ಲಿ ಆಸ್ಪತ್ರೆಯಲ್ಲಿ ಬೆಳೆದ ಕುಟುಂಬ ಆಧಾರಿತ ಚಿಕಿತ್ಸೆ. ಅಲ್ಲಿ ಅಪ್ಪ ಅಮ್ಮನೇ ಪಕ್ಕದಲ್ಲಿ ಕೂತು ಹೊತ್ತು ಹೊತ್ತಿಗೆ ತಿನ್ನಿಸುತ್ತಾರೆ. ನಮ್ಮ ಮನೆಗಳಿಗೆ ಇದು ಚೆನ್ನಾಗಿ ಹೊಂದುತ್ತದೆ, ಕಲಿಸಿಕೊಡುವವರು ಸಿಗಬೇಕಷ್ಟೆ. ಆದರೆ ಇಪ್ಪತ್ತೈದು ದಾಟಿದವರು, ಹತ್ತು ವರ್ಷದಿಂದ ಇದರಲ್ಲೇ ಇರುವವರು? ಅವರ ಕೈಗೆ ಕೊಡಲು ನಮ್ಮ ಹತ್ತಿರ ಇರುವುದು ತುಂಬಾ ಕಡಿಮೆ. ವಾರ್ಡಿನಲ್ಲಿ ತೂಕ ಏರಿಸಿ ಮನೆಗೆ ಕಳಿಸುತ್ತೇವೆ. ಕೆಲವರು ಅದೇ ತೂಕಕ್ಕೆ ಇಳಿದು ಮತ್ತೆ ಬರುತ್ತಾರೆ.

ಈ ಕಾರಣಕ್ಕೇ ಸೈಕೆಡೆಲಿಕ್ ಎಂಬ ಮಾತು ಕೇಳಿದಾಗ ನಾನು ಕಿವಿ ಮುಚ್ಚಿಕೊಳ್ಳಲಿಲ್ಲ.

ಸಿಲೊಸೈಬಿನ್ ಎಂಬುದು ಕೆಲವು ಜಾತಿಯ ಅಣಬೆಗಳಲ್ಲಿರುವ ರಾಸಾಯನಿಕ. ಎಲ್‌ಎಸ್‌ಡಿ ಕಂಡುಹಿಡಿದ ಸ್ವಿಸ್ ವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ ಅವರೇ 1958ರಲ್ಲಿ ಇದನ್ನು ಅಣಬೆಯಿಂದ ಬೇರ್ಪಡಿಸಿದ್ದು. ಮೈಯೊಳಗೆ ಹೋದ ಮೇಲೆ ಇದು ಸಿಲೊಸಿನ್ ಆಗಿ, ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಬಂದು ಕೂರುವ ಒಂದು ಬಗೆಯ ರಿಸೆಪ್ಟರ್ ಮೇಲೆ ಕೆಲಸ ಮಾಡುತ್ತದೆ. ಗಟ್ಟಿಯಾಗಿ ಕೂತುಬಿಟ್ಟ ಯೋಚನೆಗಳು ಆ ಕೆಲವು ಗಂಟೆ ಸಡಿಲವಾಗುತ್ತವೆ, ಆ ಹೊತ್ತಿನಲ್ಲಿ ಮತ್ತು ಅದರ ನಂತರದ ದಿನಗಳಲ್ಲಿ ಥೆರಪಿ ಒಳಗೆ ಇಳಿಯುತ್ತದೆ ಎಂಬುದು ಸಂಶೋಧಕರ ಊಹೆ. ಊಹೆ ಅನ್ನುವುದನ್ನು ಮರೆಯಬಾರದು. ಆದರೆ ಈ ಕಾಯಿಲೆಯವರ ಜೊತೆ ಕೂತು ಊಟ ಮಾಡಿಸಿದವರಿಗೆ ಅದು ಯಾಕೆ ಆಸೆ ಹುಟ್ಟಿಸುತ್ತದೆ ಎಂದು ಅರ್ಥವಾಗುತ್ತದೆ. ಎರಡನೇ ಇಡ್ಲಿ ತಿಂದರೆ ಸಂಜೆ ಅಷ್ಟು ದೂರ ನಡೆಯಬೇಕು. ಚಟ್ನಿಯಲ್ಲಿ ಕಾಯಿ ಇದೆ, ಹಾಗಾಗಿ ರಾತ್ರಿ ಊಟ ಇಲ್ಲ. ಅನ್ನ ಸಾರಿಗೆ ತಾಗಬಾರದು. ಈ ಲೆಕ್ಕ ತಲೆಯೊಳಗೆ ನಿಲ್ಲುವುದೇ ಇಲ್ಲ ಮೇಡಂ ಅಂತ ಅವರೇ ಅಳುತ್ತಾರೆ. ನಿಲ್ಲಿಸು ಅಂತ ನಾವು ಹೇಳಿದರೆ ನಿಲ್ಲುವಂಥದ್ದಲ್ಲ ಅದು.

ಈಗ ಸಾಕ್ಷ್ಯಕ್ಕೆ ಬರೋಣ. 2023ರ ಜುಲೈನಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಸ್ಯಾನ್ ಡಿಯಾಗೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸ್ಟೆಫನಿ ಕ್ನಾಟ್ಜ್ ಪೆಕ್, ವಾಲ್ಟರ್ ಕೇ ಮತ್ತು ಅವರ ತಂಡ ನಡೆಸಿದ್ದು. ಅನೊರೆಕ್ಸಿಯಾ ಇದ್ದ ಅಥವಾ ಅದರಿಂದ ಅರ್ಧ ಹೊರಬಂದಿದ್ದ ಹತ್ತು ಹೆಂಗಸರಿಗೆ 25 ಮಿಲಿಗ್ರಾಂ ಸಿಲೊಸೈಬಿನ್ ಒಂದೇ ಸಲ ಕೊಟ್ಟರು. ಮುಂಚೆ ತಯಾರಿಯ ಮಾತುಕತೆ, ಆಮೇಲೆ ಅನುಭವವನ್ನು ಅರಗಿಸಿಕೊಳ್ಳುವ ಮಾತುಕತೆ. ಗಂಭೀರವಾದ ಅಡ್ಡಪರಿಣಾಮ ಆಗಲಿಲ್ಲ. ಮೂರು ತಿಂಗಳ ಹೊತ್ತಿಗೆ ಹತ್ತರಲ್ಲಿ ನಾಲ್ವರಲ್ಲಿ, ಕಾಯಿಲೆ ಎಷ್ಟಿದೆ ಎಂದು ಅಳೆಯುವ ಅಂಕಗಳು ಸಾಮಾನ್ಯ ಜನರ ಮಟ್ಟದ ಹತ್ತಿರಕ್ಕೆ ಇಳಿದಿದ್ದವು. ಅನುಭವ ತುಂಬಾ ಅರ್ಥಪೂರ್ಣವಾಗಿತ್ತು ಎಂದವರೇ ಹೆಚ್ಚು.

ವಾಟ್ಸ್ಯಾಪ್‌ನಲ್ಲಿ ಓಡಾಡುವ ಸುದ್ದಿ ಇಲ್ಲಿಗೆ ಮುಗಿಯುತ್ತದೆ. ಮುಂದಿನ ಸಾಲುಗಳನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಸರಾಸರಿ ನೋಡಿದರೆ ತೂಕದಲ್ಲಿ ಬದಲಾವಣೆ ಇರಲಿಲ್ಲ. ಪರಿಣಾಮ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇತ್ತು. ಹೋಲಿಸಿ ನೋಡಲು ಔಷಧಿ ಕೊಡದ ಗುಂಪು ಇರಲೇ ಇಲ್ಲ. ಔಷಧಿ ತೆಗೆದುಕೊಂಡ ಮೇಲೆ ಇಬ್ಬರ ರಕ್ತದಲ್ಲಿ ಸಕ್ಕರೆ ಕಡಿಮೆಯಾಗಿತ್ತು, ಒಂದು ದಿನದೊಳಗೆ ಸರಿಹೋಯಿತು. ಅವರಿಗೆ ಅದು ಗೊತ್ತೇ ಆಗಿರಲಿಲ್ಲ, ರಕ್ತ ಪರೀಕ್ಷೆ ಮಾಡಿದ್ದರಿಂದ ಸಿಕ್ಕಿತು. ಈ ಕೊನೆಯ ಮಾತು ಓದಿದಾಗ ನನಗೆ ನಡುಕ ಬಂತು. ರಕ್ತ ಪರೀಕ್ಷೆ ಮಾಡುವವರು ಯಾರೂ ಇಲ್ಲದ ಕಡೆ ಇದೇ ಆದರೆ?

ಲಂಡನ್ನಿನ ಇಂಪೀರಿಯಲ್ ಕಾಲೇಜು, ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಕೂಡ ಅನೊರೆಕ್ಸಿಯಾ ಮತ್ತು ಸಿಲೊಸೈಬಿನ್ ಕುರಿತ ಅಧ್ಯಯನಕ್ಕೆ ಕೈಹಾಕಿದವು. ಎಲ್ಲವೂ ಚಿಕ್ಕವು. ಇನ್ನೊಂದು ಕಡೆಯಿಂದ, ಎಂಡಿಎಂಎ ಎಂಬ ಬೇರೆ ಔಷಧಿಯನ್ನು ಆಘಾತದ ನಂತರದ ಒತ್ತಡದ ಕಾಯಿಲೆಗೆ, ಅಂದರೆ ಪಿಟಿಎಸ್‌ಡಿಗೆ, ಅಮೆರಿಕದಲ್ಲಿ ಪರೀಕ್ಷಿಸಿದಾಗ, ಅದೇ ರೋಗಿಗಳ ಊಟದ ತೊಂದರೆಯ ಅಂಕಗಳೂ ಕಡಿಮೆಯಾದವು ಎಂದು 2022ರಲ್ಲಿ ವರದಿಯಾಯಿತು. ಊಟದ ಕಾಯಿಲೆ ಇರುವ ಎಷ್ಟೋ ಜನರ ಹಿಂದೆ ಬಾಲ್ಯದ ಒಂದು ಪೆಟ್ಟು ಇರುತ್ತದೆ. ಹಾಗಾಗಿ ಇದು ಕುತೂಹಲದ ವಿಷಯವೇ.

ಆದರೆ ಅದೇ ಎಂಡಿಎಂಎ ಕತೆ ಎಲ್ಲಿಗೆ ಹೋಯಿತು ನೋಡಿ. 2024ರ ಜೂನ್‌ನಲ್ಲಿ ಎಫ್‌ಡಿಎಯ ಸಲಹಾ ಸಮಿತಿ, ಅಪಾಯಕ್ಕಿಂತ ಲಾಭ ಜಾಸ್ತಿ ಎನ್ನಲು ಆಗುವುದಿಲ್ಲ ಎಂದು 10–1ರಿಂದ ಮತ ಹಾಕಿತು. ಆಗಸ್ಟ್‌ನಲ್ಲಿ ಎಫ್‌ಡಿಎ ಒಪ್ಪಿಗೆ ನಿರಾಕರಿಸಿತು. ಯಾರಿಗೆ ನಿಜವಾದ ಔಷಧಿ ಸಿಕ್ಕಿದೆ, ಯಾರಿಗೆ ಸುಮ್ನೆ ಮಾತ್ರೆ ಸಿಕ್ಕಿದೆ ಅಂತ ರೋಗಿಗಳಿಗೇ ಗೊತ್ತಾಗಿಬಿಡುತ್ತದೆ, ಅಂಥ ಪರೀಕ್ಷೆಯ ಅಂಕಗಳನ್ನು ಎಷ್ಟು ನಂಬುವುದು ಎಂಬುದು ಒಂದು ತಕರಾರು. ಅದಕ್ಕಿಂತ ಕೆಟ್ಟದ್ದು, ಹಿಂದಿನ ಹಂತದ ಪರೀಕ್ಷೆಯೊಂದರಲ್ಲಿ ಥೆರಪಿಸ್ಟ್ ರೋಗಿಯ ಜೊತೆ ನಡೆದುಕೊಂಡ ರೀತಿ. ಅದೇ ಆಗಸ್ಟ್‌ನಲ್ಲಿ 'ಸೈಕೊಫಾರ್ಮಕಾಲಜಿ' ಪತ್ರಿಕೆ ಎಂಡಿಎಂಎ ಕುರಿತ ಮೂರು ಲೇಖನಗಳನ್ನು ವಾಪಸ್ ತೆಗೆದುಕೊಂಡಿತು. ಇದನ್ನೆಲ್ಲ ನಾನು ಮುಚ್ಚಿಟ್ಟು ಮನವಿ ಮಾಡಿದರೆ ನಿಮ್ಮ ಅಧಿಕಾರಿಗಳು ಐದು ನಿಮಿಷದಲ್ಲಿ ಹುಡುಕಿ ತೆಗೆಯುತ್ತಾರೆ. ತೆಗೆಯಲೂ ಬೇಕು. ಮಂಪರಿನಲ್ಲಿರುವ ರೋಗಿಯ ಪಕ್ಕ ಆರರಿಂದ ಎಂಟು ಗಂಟೆ ಒಂದು ಕೋಣೆಯಲ್ಲಿ ಕೂರುವವರು ಯಾರು, ಅವರನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಮಾತ್ರೆಯ ಪ್ರಶ್ನೆಗಿಂತ ಚಿಕ್ಕದಲ್ಲ.

ಇಷ್ಟು ಅನುಮಾನ ಇರುವಾಗ ನಮಗ್ಯಾಕೆ ಇದು, ಅಲ್ಲಿಯವರೇ ಮೊದಲು ಮಾಡಿ ಮುಗಿಸಲಿ ಅಂತ ನೀವು ಹೇಳಬಹುದು. ಕಾಯಬಹುದಿತ್ತು. ಆದರೆ ಮಾರುವವರು ಕಾಯುತ್ತಿಲ್ಲ.

ಒಬ್ಬ ತಾಯಿ ಮಗಳನ್ನು ಹೊರಗೆ ಕೂರಿಸಿ, ನನ್ನ ಟೇಬಲ್ ಮೇಲೆ ಫೋನ್ ಇಟ್ಟರು. ಇನ್‌ಸ್ಟಾಗ್ರಾಂನಲ್ಲಿ ಒಂದು ಪೇಜ್. ಅಣಬೆಯ ಮೈಕ್ರೋಡೋಸ್ (ತೀರಾ ಸಣ್ಣ ಪ್ರಮಾಣದ) ಕ್ಯಾಪ್ಸೂಲ್, ಪೂರ್ತಿ ನ್ಯಾಚುರಲ್, ಆತಂಕ, ಖಿನ್ನತೆ, ಊಟದ ತೊಂದರೆ ಎಲ್ಲದಕ್ಕೂ, ಕೊರಿಯರ್‌ನಲ್ಲಿ ಮನೆಗೆ. ಕೆಳಗೆ, ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಸಾಬೀತಾಗಿದೆ ಎಂಬ ಸಾಲು. "ಕೊಡಬಹುದಾ ಮೇಡಂ? ಇಷ್ಟು ಮಾಡಿದ್ದೀವಿ, ಇದೊಂದು ಯಾಕೆ ಬಿಡಬೇಕು?" ಅಂದರು. ಆಕೆ ಮೂರ್ಖಳಲ್ಲ. ಸರ್ಕಾರಿ ಶಾಲೆಯಲ್ಲಿ ವಿಜ್ಞಾನದ ಟೀಚರ್. ಮಗಳು ಆಗಲೇ ಫ್ಲುಯೊಕ್ಸೆಟಿನ್ ತೆಗೆದುಕೊಳ್ಳುತ್ತಿದ್ದಳು, ಇಸಿಜಿ ಸರಿ ಇರಲಿಲ್ಲ. ಸಿಲೊಸೈಬಿನ್ ನಾಡಿಯನ್ನೂ ರಕ್ತದ ಒತ್ತಡವನ್ನೂ ಏರಿಸುತ್ತದೆ. ಹಸಿದು ಹಸಿದು ಸೊರಗಿದ ಹೃದಯಕ್ಕೆ ಅದು ಸಣ್ಣ ವಿಷಯವಲ್ಲ. ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ, ಬೈಪೋಲಾರ್ ಇದೆಯಾ ಎಂದು ಪರೀಕ್ಷೆ ನಡೆಸುವವರು ಮೊದಲೇ ಕೇಳುತ್ತಾರೆ, ಇದ್ದರೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಆ ಪೇಜಿನಲ್ಲಿ ಕೇಳಿದ್ದು ಪಿನ್‌ಕೋಡ್ ಮಾತ್ರ.

ಬೇಡ ಅಂದೆ. ಹಾಗಾದರೆ ಇದನ್ನು ಸರಿಯಾಗಿ ಕೊಡುವ ಆಸ್ಪತ್ರೆ ಎಲ್ಲಿದೆ ಎಂದು ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಸ್ವಾಮಿ. ಈ ಪತ್ರ ಹುಟ್ಟಿದ್ದು ಅಲ್ಲಿಂದ.

ಕೊಡೈಕೆನಾಲ್‌ಗೆ ಹೋಗಿ ಅಣಬೆ ತಿಂದು ಬರುವುದು ಬೆಂಗಳೂರಿನ ಹುಡುಗರಿಗೆ ಹೊಸದೇನೂ ಅಲ್ಲ. ಮೋಜಿಗೆ ಹೋಗುತ್ತಿದ್ದ ಜಾಗಕ್ಕೆ ಈಗ ಕಾಯಿಲೆಯವರೂ ಹೋಗುತ್ತಿದ್ದಾರೆ ಎಂಬುದು ಹೊಸದು. ಕಾನೂನು ಏನು ಹೇಳುತ್ತದೆ ಎಂದರೆ ಅದೂ ಗೋಜಲು. ಸಿಲೊಸೈಬಿನ್, ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿದೆ. ಆದರೆ 2025ರ ಜನವರಿಯಲ್ಲಿ ಕೇರಳ ಹೈಕೋರ್ಟ್ ಒಂದು ಜಾಮೀನು ಅರ್ಜಿಯಲ್ಲಿ, ಅಣಬೆ ಪ್ರಕೃತಿಯಲ್ಲಿ ಬೆಳೆಯುವ ಶಿಲೀಂಧ್ರ, ಅದನ್ನು ಮಾದಕ ವಸ್ತುವಿನ ಮಿಶ್ರಣ ಎಂದು ಎಣಿಸಲಾಗದು ಎಂದಿತು. ಕರ್ನಾಟಕ ಹೈಕೋರ್ಟಿನ ಹಿಂದಿನ ಆದೇಶವೊಂದನ್ನೂ ಅದು ಆಧಾರವಾಗಿ ಇಟ್ಟುಕೊಂಡಿತ್ತು. ಕೋರ್ಟು ತನ್ನ ಮುಂದಿದ್ದ ಪ್ರಶ್ನೆಗೆ ಉತ್ತರ ಕೊಟ್ಟಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಒಟ್ಟು ಪರಿಸ್ಥಿತಿ ಮಾತ್ರ ವಿಚಿತ್ರ. ಎಷ್ಟು ಔಷಧಿ ಇದೆ ಎಂದೇ ಗೊತ್ತಿಲ್ಲದ ಅಣಬೆ ಬೀದಿಯಲ್ಲಿ ಸಿಗುತ್ತದೆ. ಅಳೆದು ತೂಗಿ ಮಾಡಿದ 25 ಮಿಲಿಗ್ರಾಂ ಕ್ಯಾಪ್ಸೂಲ್, ಇಸಿಜಿ ಮೆಷಿನ್ ಪಕ್ಕದಲ್ಲಿ ಡಾಕ್ಟರ್ ಕೈಯಲ್ಲಿ ಸಿಗುವುದಿಲ್ಲ.

ಕಾನೂನು ಅಡ್ಡ ಬರುತ್ತದೆ ಎಂದು ನಿಮ್ಮ ಇಲಾಖೆ ಹೇಳಬಾರದು, ಯಾಕೆಂದರೆ ಕಾನೂನೇ ಬಾಗಿಲು ಇಟ್ಟಿದೆ. ಎನ್‌ಡಿಪಿಎಸ್ ಕಾಯ್ದೆಯ 8ನೇ ಸೆಕ್ಷನ್ ಎಲ್ಲವನ್ನೂ ನಿಷೇಧಿಸುವಾಗಲೇ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಕ್ಕೆ ವಿನಾಯಿತಿ ಕೊಟ್ಟಿದೆ. ನಾವು ಸೇರಿರುವ 1971ರ ವಿಶ್ವಸಂಸ್ಥೆಯ ಒಪ್ಪಂದದಲ್ಲೂ ವೈಜ್ಞಾನಿಕ ಬಳಕೆಗೆ ಜಾಗ ಇದೆ. ಬಾಗಿಲು ಇದ್ದರೂ ಯಾರೂ ತಟ್ಟದ ಹಾಗೆ ಮಾಡುವುದು ಲೈಸೆನ್ಸ್, ಕೋಟಾ, ಎನ್‌ಒಸಿ, ಮತ್ತು ಫೈಲ್ ಮೇಲೆ ಸಹಿ ಹಾಕಲು ಅಧಿಕಾರಿಗಿರುವ ಹೆದರಿಕೆ.

ಈ ಹೆದರಿಕೆಯ ಬೆಲೆ ಏನೆಂದು ಈ ದೇಶಕ್ಕೆ ಚೆನ್ನಾಗಿ ಗೊತ್ತು. ಮಾರ್ಫಿನ್ ವಿಷಯ ನೆನಪಿರಬಹುದು. 1985ರಲ್ಲಿ ಈ ಕಾಯ್ದೆ ಬಂದ ಮೇಲೆ ಒಂದು ಔಷಧಿ ಇಡಲು ನಾಲ್ಕಾರು ಲೈಸೆನ್ಸ್ ಬೇಕಾಯಿತು. ತಪ್ಪಾದರೆ ಜೈಲು. ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಅಫೀಮು ಬೆಳೆದು ಬೇರೆ ದೇಶಗಳಿಗೆ ಕಳಿಸುವ ನಮ್ಮ ದೇಶದಲ್ಲೇ ಕ್ಯಾನ್ಸರ್ ರೋಗಿಗಳು ನೋವು ತಿಂದು ಸತ್ತರು. ಒಂದು ತಲೆಮಾರಿನ ಡಾಕ್ಟರುಗಳು ಮಾರ್ಫಿನ್ ಬರೆಯುವುದನ್ನು ಕಲಿಯದೇ ಓದು ಮುಗಿಸಿದರು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಅವರಂಥವರು ವರ್ಷಗಟ್ಟಲೆ ಬಡಿದಾಡಿದ ಮೇಲೆ 2014ರಲ್ಲಿ ಸಂಸತ್ತು ತಿದ್ದುಪಡಿ ತಂದು, ಅಗತ್ಯ ಔಷಧಿಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ ಮಾಡಿತು. ಸುಮಾರು ಮೂವತ್ತು ವರ್ಷ! ಮಾರ್ಫಿನ್ ಕೆಲಸ ಮಾಡುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ, ಆದರೂ ಅಷ್ಟು ಹಿಡಿಯಿತು. ಸಿಲೊಸೈಬಿನ್ ಕೆಲಸ ಮಾಡುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲಾದರೂ ಬಿಡಿ ಎಂಬುದು ನನ್ನ ಕೋರಿಕೆ.

ಬೇರೆ ದೇಶದ ಫಲಿತಾಂಶವನ್ನು ತಂದು ಇಲ್ಲಿ ಹಾಗೇ ಅಂಟಿಸಲು ಆಗುವುದಿಲ್ಲ ಎನ್ನುವುದಕ್ಕೆ ನನ್ನ ಕೆಲಸದಿಂದಲೇ ಕಾರಣ ಕೊಡುತ್ತೇನೆ. ಸ್ಯಾನ್ ಡಿಯಾಗೊದಲ್ಲಿ ಮುಖ್ಯವಾಗಿ ಕಡಿಮೆಯಾಗಿದ್ದು ತೂಕದ ಬಗ್ಗೆ, ಮೈಯಾಕಾರದ ಬಗ್ಗೆ ಇರುವ ಚಿಂತೆಯ ಅಂಕಗಳು. ನಿಮ್ಮ ಹೊಟ್ಟೆ, ತೊಡೆ ದಪ್ಪ ಅನ್ನಿಸುತ್ತದೆಯೇ, ದಪ್ಪ ಆಗಿಬಿಡುತ್ತೇನೆ ಎಂಬ ಭಯ ಇದೆಯೇ ಎಂಬಂಥ ಪ್ರಶ್ನೆಗಳಿಗೆ ಕೊಟ್ಟ ಉತ್ತರದಿಂದ ಬಂದ ಅಂಕಗಳು. ಭಾರತದಲ್ಲಿ ಎಷ್ಟೋ ರೋಗಿಗಳು ದಪ್ಪಗಾಗುವ ಭಯವನ್ನು ಹೇಳುವುದೇ ಇಲ್ಲ ಎಂದು ನಮ್ಮ ಮನೋವೈದ್ಯರು 1990ರ ದಶಕದಿಂದಲೂ ಬರೆಯುತ್ತಿದ್ದಾರೆ. ನಾನು ನೋಡುವುದೂ ಅದನ್ನೇ. ಹೊಟ್ಟೆ ತುಂಬಿದೆ ಅಂತಾರೆ. ತಿಂದದ್ದು ಎದೆಯಲ್ಲೇ ನಿಂತಿದೆ ಅಂತಾರೆ. ಇವತ್ತು ಉಪವಾಸ ಅಂತಾರೆ. ಆ ಪ್ರಶ್ನೆಪಟ್ಟಿ ಕೊಟ್ಟರೆ ಇವರ ಅಂಕ ಮೊದಲಿನಿಂದಲೇ ಕಡಿಮೆ ಬರುತ್ತದೆ, ತೂಕ ಮಾತ್ರ 32 ಕಿಲೋ. ಚಿಕಿತ್ಸೆಯಿಂದ ಏನು ಬದಲಾಯಿತು ಎಂದು ಅಳೆಯುವುದು ಹೇಗೆ? ಅದನ್ನು ಇಲ್ಲಿನವರೇ, ಇಲ್ಲಿನ ರೋಗಿಗಳ ಜೊತೆ ಕೂತು ಮಾಡಬೇಕು.

ಇನ್ನೊಂದು ವಿಷಯ ಮನೆಯವರದು. ಅಲ್ಲಿನ ಅಧ್ಯಯನಗಳಲ್ಲಿ ರೋಗಿ ಒಬ್ಬಳೇ ಬಂದು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಸಂಗೀತ ಕೇಳುತ್ತಾ ಮಲಗುತ್ತಾಳೆ, ಪಕ್ಕದಲ್ಲಿ ಇಬ್ಬರು ಥೆರಪಿಸ್ಟ್. ನಮ್ಮಲ್ಲಿ ಹುಡುಗಿಯ ಜೊತೆ ಅಮ್ಮ, ದೊಡ್ಡಮ್ಮ, ಅಣ್ಣ, ಕೆಲವು ಸಲ ಆಗಬೇಕಾದ ಮಾವನೂ ಬರುತ್ತಾರೆ. ಕೋಣೆಯಲ್ಲಿ ಅವಳು ಹೇಳಿದ್ದನ್ನು ಮನೆಯವರಿಗೆ ಹೇಳಬೇಕಾ, ಬೇಡವಾ? ಒಪ್ಪಿಗೆ ನಿಜವಾಗಿ ಅವಳದೇನಾ? ಸಂಜೆ ಮನೆಗೆ ಹೋದ ಮೇಲೆ ತಟ್ಟೆಯ ಮುಂದೆ ಅವಳ ಜೊತೆ ಕೂರುವವರು ಯಾರು? ಸ್ಯಾನ್ ಡಿಯಾಗೊದವರು ಇದಕ್ಕೆಲ್ಲ ಉತ್ತರ ಹುಡುಕಿ ಕೊಡುವುದಿಲ್ಲ, ಅವರಿಗೆ ಅದು ಪ್ರಶ್ನೆಯೇ ಅಲ್ಲ.

ಹಾಗಾಗಿ ನನ್ನ ಬೇಡಿಕೆಗಳು.

ಮೊದಲನೆಯದಾಗಿ, ಐಸಿಎಂಆರ್ ಮುಂದೆ ನಿಂತು ಅನೊರೆಕ್ಸಿಯಾಗೆ ಸಿಲೊಸೈಬಿನ್ ನೆರವಿನ ಚಿಕಿತ್ಸೆಯ ಒಂದು ಸಣ್ಣ, ಬಿಗಿಯಾದ ಪರೀಕ್ಷೆ ನಡೆಸಬೇಕು. ನಿಮ್ಹಾನ್ಸ್ ಇದೆ, ಏಮ್ಸ್ ಇದೆ. ಎರಡೂ ಕೇಂದ್ರ ಸರ್ಕಾರದವೇ, ರಾತ್ರಿ ಹೊತ್ತು ಏನಾದರೂ ಆದರೆ ಓಡಿಬರಲು ಡಾಕ್ಟರುಗಳೂ ಅಲ್ಲಿದ್ದಾರೆ. 18 ದಾಟಿದವರನ್ನು ಮಾತ್ರ ಸೇರಿಸಿಕೊಳ್ಳಲಿ. ತೂಕ ಒಂದು ಮಟ್ಟಕ್ಕಿಂತ ಕೆಳಗಿದ್ದರೆ ಬೇಡ. ಇಸಿಜಿ, ಪೊಟ್ಯಾಶಿಯಂ, ಫಾಸ್ಫೇಟ್, ಸಕ್ಕರೆ ಮುಂಚೆಯೂ ನೋಡಲಿ, ಆಮೇಲೂ ನೋಡಲಿ. ಪ್ರತಿ ಸೆಷನ್ ವಿಡಿಯೊ ರೆಕಾರ್ಡ್ ಆಗಲಿ, ಅದನ್ನು ನೋಡಲು ಹೊರಗಿನವರ ಸಮಿತಿ ಇರಲಿ, ಕೋಣೆಯಲ್ಲಿರುವ ಇಬ್ಬರಲ್ಲಿ ಒಬ್ಬರಾದರೂ ಹೆಂಗಸಾಗಿರಲಿ. ಐಸಿಎಂಆರ್ ನಡೆಸುವ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ಮೊದಲೇ ನೋಂದಾಯಿಸಿ, ಫಲಿತಾಂಶ ಕೆಟ್ಟದಾಗಿ ಬಂದರೂ ಪ್ರಕಟಿಸಲಿ. ಕೆಲಸ ಮಾಡುವುದಿಲ್ಲ ಎಂದು ಗೊತ್ತಾದರೂ ನನಗೆ ಉಪಕಾರವೇ. ಆ ಟೀಚರಮ್ಮನಿಗೆ ಧೈರ್ಯವಾಗಿ ಹೇಳಬಹುದು.

ತಂಡದಲ್ಲಿ ಒಬ್ಬ ಡಯಟೀಶಿಯನ್ ಇರಲೇಬೇಕು ಎಂದೂ ಕೇಳುತ್ತೇನೆ. ನನ್ನ ಕುಲದವರ ಪರವಾಗಿ ಮಾತಾಡುತ್ತಿದ್ದೇನೆ ಅಂತ ನಗಬೇಡಿ. 1944–45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಯಾವ ಕಾಯಿಲೆಯೂ ಇಲ್ಲದ ಆ ಹುಡುಗರು ಅಡುಗೆ ಪುಸ್ತಕ ಓದುತ್ತಾ, ತಟ್ಟೆ ನೆಕ್ಕುತ್ತಾ, ಮಂಕಾಗಿ, ಸಿಡುಕುತ್ತಾ ಊಟದ ಯೋಚನೆಯಲ್ಲೇ ಮುಳುಗಿಹೋದರು. ಹಸಿವೇ ತಲೆ ಕೆಡಿಸುತ್ತದೆ. ಸ್ಯಾನ್ ಡಿಯಾಗೊದಲ್ಲಿ ಮನಸ್ಸು ಹಗುರಾಯಿತು, ತೂಕ ಏರಲಿಲ್ಲ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಔಷಧಿ ಕೊಟ್ಟ ಮರುದಿನದಿಂದ ಊಟದ ಕೆಲಸ ಶುರುವಾಗಬೇಕು, ಅದಕ್ಕೆ ಜನ ಬೇಕು.

ಎರಡನೆಯದು ಎನ್‌ಡಿಪಿಎಸ್ ನಿಯಮಗಳದು. ಸಂಶೋಧನೆಗೆ ಬೇಕಾದ ಕೆಲವೇ ಗ್ರಾಂ ಔಷಧಿಗೆ ಹಣಕಾಸು ಸಚಿವಾಲಯದ ಕಂದಾಯ ಇಲಾಖೆ, ನಾರ್ಕೋಟಿಕ್ಸ್ ಆಯುಕ್ತರು, ಔಷಧ ನಿಯಂತ್ರಕರು, ರಾಜ್ಯ ಸರ್ಕಾರ ಅಂತ ಬೇರೆ ಬೇರೆ ಬಾಗಿಲು ಸುತ್ತಿಸಬೇಡಿ. ಒಂದೇ ಅರ್ಜಿ, ಒಂದೇ ಕಿಟಕಿ, ಇಷ್ಟು ದಿನದೊಳಗೆ ಹೌದು ಅಥವಾ ಇಲ್ಲ ಎಂಬ ಉತ್ತರ, ಇಷ್ಟು ಮಾಡಿಕೊಡಿ. ಇಲ್ಲ ಎಂದರೆ ಯಾಕೆ ಎಂದು ಬರೆದುಕೊಡಿ.

ಮಾರುವವರ ಮೇಲೆ ಕ್ರಮ ಆಗಬೇಕು, ಕೊಂಡವರ ಮೇಲೆ ಅಲ್ಲ. ಅಣಬೆ ತಿಂದು ಎದೆ ಹೊಡೆದುಕೊಂಡು ಕ್ಯಾಶುವಾಲಿಟಿಗೆ ಬಂದ ಹುಡುಗಿ ಪೊಲೀಸರ ಭಯಕ್ಕೆ ಏನು ತಿಂದೆ ಎಂದು ಹೇಳದಿದ್ದರೆ ಡಾಕ್ಟರ್ ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಕೊನೆಯದನ್ನು ಮೊದಲೇ ಹೇಳಬೇಕಿತ್ತೇನೋ. ಸೈಕೆಡೆಲಿಕ್ ಬರಲಿ, ಬರದೇ ಇರಲಿ, ಇವತ್ತು ಇರುವ ಚಿಕಿತ್ಸೆಯೇ ಜನಕ್ಕೆ ಸಿಗುತ್ತಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮುಟ್ಟು ನಿಂತಿದೆ ಎಂದು ಬರುವ ಹುಡುಗಿಯ ತೂಕ ನೋಡಿ ಎರಡು ಪ್ರಶ್ನೆ ಕೇಳುವುದನ್ನು ನರ್ಸ್‌ಗಳಿಗೆ, ಹೆರಿಗೆ ಡಾಕ್ಟರುಗಳಿಗೆ ಕಲಿಸಿ. ಕುಟುಂಬ ಆಧಾರಿತ ಚಿಕಿತ್ಸೆಯನ್ನು ಕನ್ನಡದಲ್ಲಿ, ತಮಿಳಿನಲ್ಲಿ, ಮರಾಠಿಯಲ್ಲಿ ಕಲಿಸುವ ವ್ಯವಸ್ಥೆ ಮಾಡಿ. ಹಸಿದವರಿಗೆ ಏಕಾಏಕಿ ಜಾಸ್ತಿ ತಿನ್ನಿಸಿದರೆ ರಕ್ತದಲ್ಲಿ ಫಾಸ್ಫೇಟ್ ಕುಸಿದು ಜೀವಕ್ಕೇ ಅಪಾಯ ಎಂಬುದು ತಾಲ್ಲೂಕು ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವವರಿಗೂ ಗೊತ್ತಿರಬೇಕು. ವಿಮಾ ಕಂಪನಿಗಳಿಗೆ ಒಂದು ಸುತ್ತೋಲೆ ಕಳಿಸಲು ದುಡ್ಡೂ ಖರ್ಚಾಗುವುದಿಲ್ಲ.

ಆಸ್ಟ್ರೇಲಿಯಾದ ದಾರಿ ಹಿಡಿಯಿರಿ ಎಂದು ನಾನು ಕೇಳುತ್ತಿಲ್ಲ. ಅಲ್ಲಿ 2023ರ ಜುಲೈ 1ರಿಂದ ಅಧಿಕಾರ ಪಡೆದ ಮನೋವೈದ್ಯರು ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ ಸಿಲೊಸೈಬಿನ್ ಬರೆಯಬಹುದು, ಪಿಟಿಎಸ್‌ಡಿಗೆ ಎಂಡಿಎಂಎ ಬರೆಯಬಹುದು. ಊಟದ ಕಾಯಿಲೆ ಆ ಪಟ್ಟಿಯಲ್ಲಿ ಇಲ್ಲ. ಹತ್ತು ಜನರ ಅಧ್ಯಯನ ಇಟ್ಟುಕೊಂಡು ಅದನ್ನು ಸೇರಿಸಿ ಎನ್ನುವುದು ನನ್ನ ದೃಷ್ಟಿಯಲ್ಲಿ ತಪ್ಪು. ದುಡ್ಡಿದ್ದವರಿಗೆ ಖಾಸಗಿ ಕ್ಲಿನಿಕ್‌ನಲ್ಲಿ ಸಿಗುವ ದುಬಾರಿ ಅನುಭವವಾಗಿ ಇದು ಇಲ್ಲಿಗೆ ಬರುವುದೂ ನನಗೆ ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ, ಪರೀಕ್ಷೆಯಾಗಿ, ಲೆಕ್ಕಕ್ಕೆ ಸಿಗುವ ಹಾಗೆ ಬರಲಿ.

ಡ್ರಗ್ಸ್‌ಗೆ ದಾರಿ ಮಾಡಿಕೊಟ್ಟರು ಎಂದು ಟಿವಿಯಲ್ಲಿ ಕೂಗಾಡುವವರು ಇರುತ್ತಾರೆ, ಗೊತ್ತು. ಅವರನ್ನು ಒಂದು ದಿನ ನಮ್ಮ ವಾರ್ಡಿಗೆ ಕಳಿಸಿಕೊಡಿ. ಮಧ್ಯಾಹ್ನ ಊಟದ ಹೊತ್ತಿಗೆ ಬಂದರೆ ಒಳ್ಳೆಯದು.

ಈ ಪತ್ರದ ಪ್ರತಿಯನ್ನು ರಾಜ್ಯದ ಆರೋಗ್ಯ ಸಚಿವರಿಗೂ, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೂ ಕಳಿಸುತ್ತಿದ್ದೇನೆ. ಉತ್ತರ ಯಾವ ಭಾಷೆಯಲ್ಲಿ ಬಂದರೂ ಕನ್ನಡ ಮಾಡಿ ಓದುಗರ ಮುಂದೆ ಇಡುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ಡಯಟೀಶಿಯನ್,
ಬೆಂಗಳೂರು